ಹಾಸನ, ಚಿಕ್ಕಮಗಳೂರು ಕಡೆಯಿಂದ ಚೀನಾ ಸ್ಟಡೀಸ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಅರಸೀಕೆರೆ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಡಿಗ್ರಿ ಹುಡುಗ ಹುಡುಗೀರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ಚೀನಾದ ವಿದೇಶಾಂಗ ನೀತಿ ಮತ್ತೆ ಏರಿಯಾ ಸ್ಟಡೀಸ್‌ನಲ್ಲಿ ಪೀಜಿ ಮಾಡೋದ್ರ ಬಗ್ಗೆ ಫೋನಲ್ಲಿ, ವಾಟ್ಸಾಪಲ್ಲಿ, ಮದುವೆ ಊಟದ ಪಂಕ್ತೀಲಿ ಕೇಳೋದು ಹೆಚ್ಚೂಕಮ್ಮಿ ಇವೇ ಪ್ರಶ್ನೆಗಳು. ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋ ಬದ್ಲು ಒಂದೇ ಕಡೆ ಬರೆದಿದೀನಿ. ಚೀನಾಗೆ ಎಂಬಿಬಿಎಸ್‌ಗೆ ಹೋಗೋ ವಿಷಯ ಇದಲ್ಲ, ಅದಕ್ಕೆ ಬಂದೋರು ಇಲ್ಲೇ ನಿಲ್ಲಿಸ್ಬೋದು.

ಪ್ರಶ್ನೆ: ಚೀನಾ ಬಗ್ಗೆ ಎಂಎ ಅಂದ್ರೆ ಅದರಲ್ಲಿ ಓದೋದಾದ್ರೂ ಏನು?

ಎರಡು ದಾರಿ ಇದೆ, ಮೊದ್ಲು ಅದನ್ನ ತಲೇಲಿ ಬೇರೆ ಬೇರೆ ಮಾಡ್ಕೊಳ್ಳಿ. ಒಂದು ಇಂಟರ್‌ನ್ಯಾಷನಲ್ ರಿಲೇಶನ್ಸ್ (ಐಆರ್) ದಾರಿ, ಅಂದ್ರೆ ದೇಶ ದೇಶಗಳ ನಡುವಿನ ಸಂಬಂಧ. ಇಲ್ಲಿ ಮೊದ್ಲು ಥಿಯರಿ, ಅಂತಾರಾಷ್ಟ್ರೀಯ ಕಾನೂನು, ಎಕಾನಮಿ ಎಲ್ಲಾ ಓದ್ತೀರಿ, ಚೀನಾ ಅನ್ನೋದು ಆಪ್ಷನಲ್ ಪೇಪರಾಗಿ ಬರುತ್ತೆ. ಇನ್ನೊಂದು ಏರಿಯಾ ಸ್ಟಡೀಸ್, ಅಂದ್ರೆ ಒಂದು ಪ್ರದೇಶಾನ ಹಿಡ್ಕೊಂಡು ಅದರ ಭಾಷೆ, ಇತಿಹಾಸ, ರಾಜಕೀಯ, ಸಮಾಜ ಎಲ್ಲಾನೂ ಬುಡದಿಂದ ನೋಡೋದು. ಚೀನಾ ಯಾಕೆ ಹಿಂಗಾಡುತ್ತೆ ಅನ್ನೋ ಪ್ರಶ್ನೆಗೆ ಮೊದಲನೇ ದಾರೀಲಿ ಅಮೆರಿಕ, ರಷ್ಯಾ ಕಡೆ ನೋಡ್ತಾ ಉತ್ತರ ಸಿಗುತ್ತೆ, ಎರಡನೇದ್ರಲ್ಲಿ ಬೀಜಿಂಗ್ ಒಳಗಡೆ ನೋಡ್ತಾ ಸಿಗುತ್ತೆ.

ಒಂದು ಉದಾಹರಣೆ ಹೇಳ್ತೀನಿ. ಚಿನ್ ಗಾಂಗ್ ಅನ್ನೋರು 2022ರ ಡಿಸೆಂಬರ್‌ನಲ್ಲಿ ಚೀನಾದ ವಿದೇಶಾಂಗ ಮಂತ್ರಿ ಆದ್ರು, 2023ರ ಜುಲೈನಲ್ಲಿ ತೆಗೆದೇ ಹಾಕಿದ್ರು, ಆ ಕುರ್ಚಿಗೆ ವಾಂಗ್ ಯೀ ವಾಪಸ್ ಬಂದ್ರು. ನಮ್ಮ ಟೀವಿಯೋರು ಭೂಕಂಪ ಆದಂಗೆ ತೋರಿಸಿದ್ರು. ಆದ್ರೆ ಚೀನಾದಲ್ಲಿ ವಿದೇಶಾಂಗ ಮಂತ್ರಿ ಆ ಕೆಲಸದ ಯಜಮಾನನೇ ಅಲ್ಲ, ಅವರ ಮೇಲೆ ಕಮ್ಯುನಿಸ್ಟ್ ಪಾರ್ಟಿಯ ಸೆಂಟ್ರಲ್ ಫಾರಿನ್ ಅಫೇರ್ಸ್ ಕಮಿಷನ್ ಇದೆ, ಅದರ ತಲೆ ಶಿ ಜಿನ್‌ಪಿಂಗ್. ಮಂತ್ರಿ ಬದಲಾದ್ರೂ ನೀತಿ ಯಾಕೆ ಅಲುಗಾಡಲಿಲ್ಲ ಅನ್ನೋದು ಸರ್ಕಾರ ಬೇರೆ, ಪಾರ್ಟಿ ಬೇರೆ ಅಂತ ಗೊತ್ತಿದ್ದೋರಿಗೆ ಅವತ್ತೇ ಅರ್ಥ ಆಗಿತ್ತು. ಈ ಥರದ್ದನ್ನ ಓದ್ತೀರಿ.

ಪ್ರಶ್ನೆ: ಇಂಡಿಯಾದಲ್ಲಿ ಇದು ಯಾವಾಗಿಂದ ಇದೆ? ಹೊಸ ಕೋರ್ಸಾ?

ಹೊಸದೇನಲ್ಲ. ಶಾಂತಿನಿಕೇತನದ ವಿಶ್ವಭಾರತೀಲಿ ಚೀನಾ ಭವನ ಶುರುವಾಗಿದ್ದು 1937ರಲ್ಲಿ, ತಾನ್ ಯುನ್-ಶಾನ್ ಅನ್ನೋ ಚೀನೀ ವಿದ್ವಾಂಸರು ಟ್ಯಾಗೋರ್ ಜೊತೆ ಸೇರಿ ಕಟ್ಟಿದ್ದು. ಅಲ್ಲಿ ಒತ್ತು ಬೌದ್ಧ ಗ್ರಂಥ, ಸಂಸ್ಕೃತಿ ಮೇಲೆ ಇತ್ತು. ವಿದೇಶಾಂಗ ನೀತಿ ಕಡೆ ಜೋರು ಬಂದಿದ್ದು 1962ರ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ. ಪಕ್ಕದ ದೇಶದ ಪತ್ರಿಕೆ ಓದೋಕೆ ಬರೋರೇ ನಮ್ಮಲ್ಲಿ ಬೆರಳೆಣಿಕೆ ಅಂತ ಆಗ ಜ್ಞಾನೋದಯ ಆಯ್ತು. 1964ರಲ್ಲಿ ದೆಹಲಿ ಯೂನಿವರ್ಸಿಟೀಲಿ ಚೀನಾ ಅಧ್ಯಯನ ಕೇಂದ್ರ ಬಂತು, ಅದೇ ವರ್ಷ ಚೀನಾ ರಿಪೋರ್ಟ್ ಅನ್ನೋ ಜರ್ನಲ್ ಕೂಡ. ಗಲ್ವಾನ್ ಗಡಿ ಘರ್ಷಣೆ ಆದ್ಮೇಲೆ 2020ರಲ್ಲಿ ಮತ್ತೆ ಎಲ್ರೂ ಚೀನಾ ಎಕ್ಸ್‌ಪರ್ಟ್ ಎಲ್ಲಿ ಅಂತ ಹುಡುಕಾಡಿದ್ರು, ಅದೇ ವರ್ಷ ಬಂದ ಹೊಸ ಶಿಕ್ಷಣ ನೀತೀಲಿ ಹೈಸ್ಕೂಲಿನ ವಿದೇಶಿ ಭಾಷೆಗಳ ಪಟ್ಟೀಲಿ ಚೀನೀ ಮಾತ್ರ ಮಾಯ ಆಗಿತ್ತು. ಯಾವನ ಜೊತೆ ತಕರಾರಿದ್ಯೋ ಅವನ ಭಾಷೇನೇ ಬೇಡ ಅನ್ನೋ ಲೆಕ್ಕ ನನಗಂತೂ ಇವತ್ತಿಗೂ ತಿಳಿದಿಲ್ಲ.

ಪ್ರಶ್ನೆ: ಚೀನೀ ಭಾಷೆ ಬರ್ಲೇಬೇಕಾ? ಇಂಗ್ಲಿಷಲ್ಲೇ ಎಲ್ಲಾ ಸಿಗುತ್ತಲ್ವಾ?

ಅಡ್ಮಿಷನ್‌ಗೆ ಬೇಕಿಲ್ಲ. ಆದ್ರೆ ಈ ಪುಟದಲ್ಲಿ ಒಂದೇ ಒಂದು ಉತ್ತರ ಓದ್ಕೊಂಡು ಹೋಗ್ತೀನಿ ಅನ್ನೋರಾದ್ರೆ ಇದನ್ನ ಓದ್ಕೊಳ್ಳಿ. ಭಾಷೆ ಇಲ್ದೆ ಎಂಎ ಪಾಸಾಗ್ಬೋದು, ಪಿಎಚ್‌ಡೀನೂ ಮಾಡಿದೋರು ಇದಾರೆ, ಆದ್ರೆ ಆಗ ನೀವು ಓದೋದು ಚೀನಾನ ಅಲ್ಲ, ಚೀನಾ ಬಗ್ಗೆ ಅಮೆರಿಕದೋರು ಬ್ರಿಟನ್ನೋರು ಏನಂದ್ರು ಅನ್ನೋದನ್ನ.

2024ರ ಅಕ್ಟೋಬರ್ 23ಕ್ಕೆ ರಷ್ಯಾದ ಕಜಾನ್‌ನಲ್ಲಿ ಮೋದಿ, ಶಿ ಇಬ್ರೂ ಕೂತು ಮಾತಾಡಿದ್ರು. ಸಂಜೆಗೆ ಎರಡೂ ಕಡೆಯಿಂದ ಹೇಳಿಕೆ ಬಂತು. ಎರಡರಲ್ಲೂ ಭಿನ್ನಾಭಿಪ್ರಾಯ ಅನ್ನೋ ಮಾತಿದೆ. ನಮ್ಮೋರ ಹೇಳಿಕೇಲಿ ಭಿನ್ನಾಭಿಪ್ರಾಯ ಗಡಿಯ ಶಾಂತಿ ನೆಮ್ಮದಿ ಕೆಡಿಸ್ಬಾರ್ದು ಅಂತಿದೆ. ಅವರ ಹೇಳಿಕೇಲಿ ನಿರ್ದಿಷ್ಟ ಭಿನ್ನಾಭಿಪ್ರಾಯಗಳು ಒಟ್ಟಾರೆ ಸಂಬಂಧ ಕೆಡಿಸ್ಬಾರ್ದು ಅಂತಿದೆ. ಸುಮ್ನೆ ಓದಿದ್ರೆ ಎರಡೂ ಒಂದೇ ಥರ ಕಾಣುತ್ತೆ. ಆದ್ರೆ ನಮ್ಮೋರು ಗಡಿ ಸರಿ ಹೋದ್ರೆ ಮಿಕ್ಕಿದ್ದು ಅಂತಿದಾರೆ, ಅವರು ಗಡೀನ ಒಂದು ಪಕ್ಕಕ್ಕಿಟ್ಟು ವ್ಯಾಪಾರ ಗೀಪಾರ ನಡೀಲಿ ಅಂತಿದಾರೆ. ಎಷ್ಟೋ ವರ್ಷದ ಜಗಳ ಆ ಎರಡು ಸಾಲಲ್ಲಿ ಕೂತಿದೆ. ಇಂಥ ಸಾಲು ಚೀನೀ ಮೂಲದಲ್ಲಿ ಹೆಂಗಿದೆ, ಹಿಂದಿನ ಸಲದ ಹೇಳಿಕೇಲಿದ್ದ ಯಾವ ಪದ ಈ ಸಲ ಕೈಬಿಟ್ಟಿದಾರೆ, ಯಾವುದು ಹೊಸದು ಅಂತ ಪಕ್ಕಪಕ್ಕ ಇಟ್ಕೊಂಡು ನೋಡೋದೇ ಈ ಕಸುಬು. ಚೀನಾ ವಿದೇಶಾಂಗ ಇಲಾಖೆ ಕೆಲಸದ ದಿನ ಪ್ರೆಸ್ ಮೀಟ್ ಮಾಡಿ ಪ್ರಶ್ನೋತ್ತರಾನ ವೆಬ್‌ಸೈಟಿಗೆ ಹಾಕುತ್ತೆ, ಚೀನೀಲೂ ಇಂಗ್ಲಿಷಲ್ಲೂ, ಆದ್ರೆ ಎರಡೂ ಪುಟ ಯಾವಾಗ್ಲೂ ಪೂರ್ತಿ ಹೊಂದಲ್ಲ. ಪಾರ್ಟಿ ಪತ್ರಿಕೆ, ಪ್ರಾಂತ್ಯ ಸರ್ಕಾರದ ಆದೇಶ, ಅಲ್ಲಿನ ಪ್ರೊಫೆಸರ್‌ಗಳ ಲೇಖನ ಇವೆಲ್ಲಾ ಬಹುಪಾಲು ಚೀನೀಲಷ್ಟೇ. ಗೂಗಲ್ ಟ್ರಾನ್ಸ್‌ಲೇಟ್, ಎಐ ಎಲ್ಲಾ ಇದ್ಯಲ್ಲ ಅಂತೀರಿ, ಹೌದು, ವಿಷಯ ತಿಳ್ಕೊಳೋಕೆ ಸಾಕು, ಆದ್ರೆ ಪಾರ್ಟಿ ಭಾಷೇಲಿ ಒಂದು ಪದ ಆಚೀಚೆ ಆದ್ರೂ ಅದೊಂದು ಸಿಗ್ನಲ್, ಅದನ್ನೇ ಅದು ನುಣ್ಣಗೆ ಸವರಿ ಬಿಡುತ್ತೆ.

ಪ್ರಶ್ನೆ: ಹಾಸನದಲ್ಲಿ ಕೂತ್ಕೊಂಡು ಚೀನೀ ಕಲಿಯೋಕಾಗುತ್ತಾ? ಇಲ್ಲಿ ಕ್ಲಾಸೇ ಇಲ್ಲ.

ಶುರು ಮಾಡೋಕಂತೂ ಆಗುತ್ತೆ. ಮೊದಲ ಆರು ತಿಂಗಳು ಬೇಕಿರೋದು ಪಿನ್‌ಯಿನ್ (ಚೀನೀ ಉಚ್ಚಾರಣೇನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದ್ಧತಿ), ನಾಲ್ಕು ಟೋನು (ದನಿಯ ಏರಿಳಿತ), ದಿನಾ ಐದಾರು ಅಕ್ಷರ, ಆನ್‌ಲೈನಲ್ಲಿ ಒಬ್ರು ಟೀಚರ್ ಸಿಕ್ಕಿ ವಾರಕ್ಕೆ ಎರಡು ಸಲ ನಿಮ್ಮ ಉಚ್ಚಾರಣೆ ತಿದ್ದಿದ್ರೆ ಸಾಕು. ಫೋನಿಗೆ ಪ್ಲೀಕೋ ಅನ್ನೋ ಡಿಕ್ಷನರಿ ಹಾಕ್ಕೊಳ್ಳಿ, ಫ್ಲಾಶ್‌ಕಾರ್ಡಿಗೆ ಆಂಕಿ. ಟೋನನ್ನ ಮೊದ್ಲೇ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ನೋಡೋಣ ಅಂದ್ರೆ ಆಮೇಲೆ ಬರಲ್ಲ. ಅಕ್ಷರಾನ ಕೈಯಲ್ಲಿ ಬರೀಬೇಕಾ ಅಂತ ಎಲ್ರೂ ಕೇಳ್ತಾರೆ, ಮೊದಲ ಮುನ್ನೂರು ನಾನೂರಾದ್ರೂ ಬರೀರಿ, ಕಣ್ಣಿಗೆ ಪಾರ್ಟು ಪಾರ್ಟಾಗಿ ಕಾಣೋಕೆ ಶುರುವಾಗುತ್ತೆ, ಆಮೇಲೆ ಟೈಪಿಂಗ್ ಸಾಕು.

ಎಚ್‌ಎಸ್‌ಕೆ ಅಂತ ಲೆವೆಲ್ ಪರೀಕ್ಷೆ ಇದೆ. ಆರು ಲೆವೆಲ್‌ನ ಹಳೇ ಪಟ್ಟಿ ಪ್ರಕಾರ ಮೂರನೇದಕ್ಕೆ 600 ಪದ, ನಾಲ್ಕಕ್ಕೆ 1200, ಐದಕ್ಕೆ 2500. 2021ರಲ್ಲಿ ಒಂಬತ್ತು ಲೆವೆಲ್‌ನ ಹೊಸ ಮಾನದಂಡ ಬಂದಿದೆ. ಡಿಗ್ರಿ ಮುಗಿಯೋ ಹೊತ್ತಿಗೆ ಮೂರನೇ ಲೆವೆಲ್ ಮುಟ್ಟಿದ್ರೆ ದೆಹಲೀಲಿ ಜೊತೆಯೋರಿಗಿಂತ ನೀವು ಒಂದು ವರ್ಷ ಮುಂದೆ. ಪೇಪರ್ ಓದಿ ಕೆಲಸ ಮಾಡೋಕೆ ಐದು ಬೇಕು, ಅದೂ ಕನಿಷ್ಠ. ಇನ್ನೊಂದು, ವೀಚಾಟ್, ವೈಬೊ ಎರಡೂ 2020ರ ಜೂನ್‌ನಲ್ಲಿ ಬ್ಯಾನ್ ಆದ 59 ಆ್ಯಪ್‌ಗಳ ಪಟ್ಟೀಲಿದ್ವು, ಅದರ ಮೇಲೆ ಪ್ಲಾನ್ ಮಾಡ್ಬೇಡಿ.

ಪ್ರಶ್ನೆ: ನಂದು ಬಿಕಾಂ. ಪೊಲಿಟಿಕಲ್ ಸೈನ್ಸ್ ಓದೇ ಇಲ್ಲ. ಸೀಟ್ ಕೊಡ್ತಾರಾ?

ಕೊಡ್ತಾರೆ. ಐಆರ್, ಏರಿಯಾ ಸ್ಟಡೀಸ್ ಎಂಎಗೆ ಬಹುತೇಕ ಕಡೆ ಯಾವ ಡಿಗ್ರಿ ಆದ್ರೂ ನಡೆಯುತ್ತೆ, ಪರ್ಸೆಂಟೇಜ್ ಮಾತ್ರ ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ನೋಡ್ಕೊಳ್ಳಿ. ಚೀನೀ ಭಾಷಾ ಎಂಎ ಬೇರೆ ವಿಷಯ, ಅದಕ್ಕೆ ಮೊದ್ಲೇ ಭಾಷೆ ಓದಿರ್ಬೇಕು. ಬಿಕಾಂನೋರಿಗೆ ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತೆ, ಚೀನಾದ ಸಾಲ, ಬಂದರು, ಬೆಲ್ಟ್ ಆ್ಯಂಡ್ ರೋಡ್ (ಹೊರದೇಶಗಳಲ್ಲಿ ರಸ್ತೆ, ಬಂದರು ಕಟ್ಟೋ ಚೀನಾದ ಯೋಜನೆ) ಕಾಂಟ್ರಾಕ್ಟ್ ಇವನ್ನ ನೋಡುವಾಗ ಅದು ದೊಡ್ಡ ಅನುಕೂಲ. ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನ 99 ವರ್ಷಕ್ಕೆ ಲೀಸಿಗೆ ಕೊಟ್ಟಿದ್ದನ್ನ ಎಲ್ರೂ ಬಾಯಿ ಮಾತಲ್ಲಿ ಹೇಳ್ತಾರೆ, ಲೆಕ್ಕ ಬಿಡಿಸಿ ನೋಡೋರು ಕಮ್ಮಿ.

ಪ್ರಶ್ನೆ: ಎಲ್ಲೆಲ್ಲಿ ಓದಬೋದು?

ದೆಹಲೀಲಿ ಜೆಎನ್‌ಯು. ಅದರ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ 1955ರಲ್ಲೇ ಬೇರೆ ಸಂಸ್ಥೆಯಾಗಿ ಹುಟ್ಟಿ 1970ರಲ್ಲಿ ಜೆಎನ್‌ಯು ಸೇರ್ಕೊಂಡಿದ್ದು. ಎಂಎನಲ್ಲಿ ಐಆರ್ ಸಾಮಾನ್ಯವಾಗಿ ಓದಿ ಪಿಎಚ್‌ಡಿಗೆ ಅಲ್ಲಿನ ಈಸ್ಟ್ ಏಷ್ಯನ್ ಸ್ಟಡೀಸ್ ಸೆಂಟರಿನಲ್ಲಿ ಚೀನಾ ಹಿಡೀತಾರೆ. ಭಾಷೆಯ ವಿಭಾಗ ಬೇರೇನೇ ಇದೆ. ದೆಹಲಿ ಯೂನಿವರ್ಸಿಟೀಲಿ ಈಸ್ಟ್ ಏಷ್ಯನ್ ಸ್ಟಡೀಸ್ ಎಂಎ ಇದೆ, ಚೀನಾ, ಜಪಾನ್, ಕೊರಿಯಾ ಮೂರೂ ಬರುತ್ತೆ, ಏರಿಯಾ ಸ್ಟಡೀಸ್ ಬೇಕು ಅನ್ನೋರಿಗೆ ನನ್ನ ಓಟು ಇದಕ್ಕೆ. ಭಾಷೆ ಕಡೆ ಹೋಗೋರಿಗೆ ವಿಶ್ವಭಾರತಿ, ಬನಾರಸ್ ಹಿಂದೂ ಯೂನಿವರ್ಸಿಟಿ, ಸಿಕ್ಕಿಂ ಯೂನಿವರ್ಸಿಟಿ.

ನಮ್ಮ ಹತ್ರದಲ್ಲಿ ಅಂದ್ರೆ ಮಣಿಪಾಲ, ಚಿಕ್ಕಮಗಳೂರಿನೋರು ಘಾಟಿ ಇಳಿದ್ರೆ ಸಾಕು, ಅಲ್ಲಿ ಜಿಯೋಪಾಲಿಟಿಕ್ಸ್ ಮತ್ತು ಐಆರ್ ಎಂಎ ಇದೆ. ಬೆಂಗಳೂರಲ್ಲಿ ಕ್ರೈಸ್ಟ್ ಯೂನಿವರ್ಸಿಟೀಲಿ ಇಂಟರ್‌ನ್ಯಾಷನಲ್ ಸ್ಟಡೀಸ್. ದೂರ ಕಳ್ಸಲ್ಲ ಅಂತ ಮನೇಲಿ ಪಟ್ಟು ಹಿಡಿದ್ರೆ ಮೈಸೂರಿನ ಮಾನಸಗಂಗೋತ್ರೀಲೋ ಶಂಕರಘಟ್ಟದ ಕುವೆಂಪು ವಿವೀಲೋ ಪೊಲಿಟಿಕಲ್ ಸೈನ್ಸ್ ಎಂಎ ಸೇರ್ಕೊಂಡು, ಚೀನಾ ಮೇಲೆ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ತಗೊಂಡು, ಭಾಷೆ ಪಕ್ಕದಲ್ಲಿ ಕಲೀರಿ. ಬೆಂಗಳೂರಲ್ಲಿ ನಿಯಾಸ್, ತಕ್ಷಶಿಲಾ ಅಂತ ಎರಡು ಸಂಶೋಧನಾ ಸಂಸ್ಥೆ ಇವೆ, ಎರಡರಲ್ಲೂ ಚೀನಾ ಮೇಲೆ ಕೆಲಸ ಮಾಡೋರಿದಾರೆ, ಇಂಟರ್ನ್‌ಶಿಪ್‌ಗೆ ಬರೆದು ನೋಡಿ. ಇದು ಎರಡನೇ ದರ್ಜೆ ದಾರಿ ಏನಲ್ಲ, ಸ್ವಲ್ಪ ಜಾಸ್ತಿ ಮೈಬಗ್ಗಿಸ್ಬೇಕಾಗುತ್ತೆ ಅಷ್ಟೆ.

ಪ್ರಶ್ನೆ: ಎಂಟ್ರೆನ್ಸ್ ಕನ್ನಡದಲ್ಲಿ ಬರೀಬೋದಾ?

ಇಲ್ಲ. ಸೆಂಟ್ರಲ್ ಯೂನಿವರ್ಸಿಟಿಗಳಿಗೆ ಸಿಯುಇಟಿ ಪೀಜಿ ಅನ್ನೋ ಕಾಮನ್ ಎಂಟ್ರೆನ್ಸ್ ಬರೀಬೇಕು, ಭಾಷಾ ಪೇಪರ್ ಬಿಟ್ರೆ ಇಂಗ್ಲಿಷ್ ಅಥವಾ ಹಿಂದಿ. 75 ಪ್ರಶ್ನೆ, ಸರಿ ಆದ್ರೆ 4 ಮಾರ್ಕ್ಸು, ತಪ್ಪಾದ್ರೆ 1 ಕಟ್. ಈಚೆಗೆ ಪರೀಕ್ಷೆ ಮಾರ್ಚ್‌ನಲ್ಲಿ ನಡೀತಿದೆ, ಅಂದ್ರೆ ಅಪ್ಲಿಕೇಶನ್ ಚಳಿಗಾಲದಲ್ಲೇ, ನೀವಿನ್ನೂ ಐದನೇ ಸೆಮ್ ಗುಂಗಲ್ಲಿರ್ತೀರ, ನಮ್ಮ ಕಡೆ ಹುಡುಗ್ರು ತಪ್ಪಿಸ್ಕೊಳ್ಳೋದೇ ಇಲ್ಲಿ. ಸಿಯುಇಟಿ ಬರೆದಾಗಿದೆ ಅಂತ ಸುಮ್ನೆ ಕೂತ್ರೂ ಆಗಲ್ಲ, ಸ್ಕೋರ್ ಬಂದ್ಮೇಲೆ ಆಯಾ ಯೂನಿವರ್ಸಿಟಿ ಪೋರ್ಟಲ್‌ನಲ್ಲಿ ಬೇರೆ ಅಪ್ಲಿಕೇಶನ್ ಹಾಕ್ಬೇಕು.

ಕನ್ನಡ ಮೀಡಿಯಮ್ಮಿಂದ ಬಂದೋರು ಇಂಗ್ಲಿಷ್ ಮಾತಾಡೋದ್ರ ಬಗ್ಗೆ ಹೆದರ್ತಾರೆ. ಕಷ್ಟ ಇರೋದು ಮಾತಲ್ಲಲ್ಲ, ಓದೋ ಸ್ಪೀಡಲ್ಲಿ. ವಾರಕ್ಕೆ ನೂರಾರು ಪುಟ ಕೊಡ್ತಾರೆ. ಈಗಿಂದ್ಲೇ ದಿನಾ ಒಂದು ಉದ್ದ ಲೇಖನ ಓದಿ, ಅದರ ವಾದ ಏನು ಅಂತ ಕನ್ನಡದಲ್ಲೇ ನಾಲ್ಕು ಸಾಲು ಬರೀರಿ.

ಪ್ರಶ್ನೆ: ಖರ್ಚು?

ಜೆಎನ್‌ಯೂಲಿ ಟ್ಯೂಷನ್ ಫೀಸು ವರ್ಷಕ್ಕೆ ನೂರರ ಲೆಕ್ಕದಲ್ಲಿದೆ, ಸಾವಿರದಲ್ಲಲ್ಲ. ಹಾಸ್ಟೆಲ್ ಸಿಕ್ರೆ ಮೆಸ್ ಬಿಲ್ಲೇ ದೊಡ್ಡ ಖರ್ಚು, ಸಿಗ್ದಿದ್ರೆ ದೆಹಲೀಲಿ ರೂಂ ಬಾಡಿಗೆ ಜೇಬು ಖಾಲಿ ಮಾಡುತ್ತೆ. ಪ್ರೈವೇಟ್ ಅಂದ್ರೆ ಲಕ್ಷದ ಲೆಕ್ಕ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದೋಕೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಸಮಾಜ ಕಲ್ಯಾಣ ಇಲಾಖೇಲಿ ಕೇಳಿ.

ಪ್ರಶ್ನೆ: ಚೀನಾಗೇ ಹೋಗಿ ಓದ್ಬೋದಲ್ವಾ? ಈಗ ವೀಸಾ ಕೊಡ್ತಾರಾ?

ಕೋವಿಡ್ ಟೈಮಲ್ಲಿ ಬಾಗಿಲು ಪೂರ್ತಿ ಮುಚ್ಚಿತ್ತು, 2022ರ ಆಗಸ್ಟ್‌ನಿಂದ ಸ್ಟೂಡೆಂಟ್ ವೀಸಾ ಮತ್ತೆ ಶುರುವಾಯ್ತು. ನಿಂತೇ ಹೋಗಿದ್ದ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ–ಗುವಾಂಗ್‌ಝೌ ಮೂಲಕ ಶುರುವಾಯ್ತು. ಚೀನಾ ಸರ್ಕಾರದ ಸ್ಕಾಲರ್‌ಶಿಪ್‌ಗೆ ಎಂಬೆಸಿ ಮೂಲಕ ಒಂದು ದಾರಿ, ಅಲ್ಲಿನ ಯೂನಿವರ್ಸಿಟಿ ಮೂಲಕ ಇನ್ನೊಂದು. ಪೀಕಿಂಗ್ ಯೂನಿವರ್ಸಿಟಿಯ ಯೆನ್‌ಚಿಂಗ್ ಅಕಾಡೆಮಿ, ಚಿಂಗ್‌ಹ್ವಾ ಯೂನಿವರ್ಸಿಟಿಯ ಶ್ವಾರ್ಜ್‌ಮನ್ ಸ್ಕಾಲರ್ಸ್ ಎರಡೂ ಇಂಗ್ಲಿಷಲ್ಲೇ ನಡೆಯೋ ಮಾಸ್ಟರ್ಸ್, ಖರ್ಚೆಲ್ಲಾ ಅವರದ್ದೇ, ಪೈಪೋಟಿ ಮಾತ್ರ ಇಡೀ ಪ್ರಪಂಚದ್ದು.

ನನ್ನ ಅಭಿಪ್ರಾಯ ಕೇಳಿದ್ರೆ ವಿದೇಶಾಂಗ ನೀತಿ ಡಿಗ್ರೀನ ಇಲ್ಲೋ ಸಿಂಗಪುರದಲ್ಲೋ ಲಂಡನ್‌ನಲ್ಲೋ ಮಾಡಿ, ಭಾಷೆಗೆ ಒಂದು ವರ್ಷ ಅಲ್ಲಿಗೆ ಹೋಗಿ. ಗಡಿ, ಟಿಬೆಟ್, ಶಿನ್‌ಜಿಯಾಂಗ್ ಬಗ್ಗೆ ಅಲ್ಲಿ ಕ್ಲಾಸಲ್ಲಿ ಬಾಯಿಬಿಟ್ಟು ಚರ್ಚೆ ಮಾಡೋಕಾಗಲ್ಲ. ದಾಖಲೆನೂ ಬಿಗಿ ಆಗಿದೆ, ಅವರ ವಿದೇಶಾಂಗ ಇಲಾಖೆ ಆರ್ಕೈವ್ 2004ರಲ್ಲಿ ತೆಗೆದಿದ್ರು, 2012-13ರ ಹೊತ್ತಿಗೆ ಬಹುಪಾಲು ಮತ್ತೆ ಮುಚ್ಚಿದ್ರು. 2023ರಲ್ಲಿ ಸಿಎನ್‌ಕೆಐ ಅನ್ನೋ ದೊಡ್ಡ ಲೇಖನ ಭಂಡಾರದ ಕೆಲವು ಭಾಗ ಹೊರದೇಶದೋರಿಗೆ ಬಂದ್ ಆಯ್ತು. ಆದ್ರೆ ಸಂತೆ, ಬಸ್ಸು, ಟೀ ಅಂಗಡೀಲಿ ಜನ ಏನಂತಾರೆ ಅನ್ನೋದು ಹೋಗ್ದೆ ಗೊತ್ತಾಗಲ್ಲ.

ತೈವಾನ್ ಮರೀಬೇಡಿ. ಭಾಷೆ ಕಲಿಯೋಕೆ ಹ್ವಾಯು ಸ್ಕಾಲರ್‌ಶಿಪ್, ಡಿಗ್ರಿಗೆ ಬೇರೆ ಸ್ಕಾಲರ್‌ಶಿಪ್ ಇವೆ. ಅಲ್ಲಿ ಹಳೇ ಸಾಂಪ್ರದಾಯಿಕ ಲಿಪಿ, ಮೇನ್‌ಲ್ಯಾಂಡಲ್ಲಿ ಸರಳ ಮಾಡಿದ ಲಿಪಿ, ಒಂದು ಗಟ್ಟಿಯಾದ್ರೆ ಇನ್ನೊಂದು ಕಣ್ಣಿಗೆ ಬೇಗ ಒಗ್ಗುತ್ತೆ.

ಪ್ರಶ್ನೆ: ಮಗಳು ಶತ್ರು ದೇಶದ ಬಗ್ಗೆ ಓದ್ತೀನಿ ಅಂತಾಳೆ. ಇದರಿಂದ ಏನು ಪ್ರಯೋಜನ ಸ್ವಾಮಿ?

ಸಾರ್, ಗಡಿ ಕಾಯೋ ಸೈನ್ಯವೇ ಚೀನೀ ಬರೋರನ್ನ ಹುಡುಕಿ ತಗೊಳ್ತಿದೆ, ಟೆರಿಟೋರಿಯಲ್ ಆರ್ಮೀಲಿ ಅದಕ್ಕೇ ಅಂತ ಭಾಷಾ ತಜ್ಞರನ್ನ ತಗೊಂಡ್ರು. ಶತ್ರು ಅಂತಾನೇ ಇಟ್ಕೊಳ್ಳಿ, ಮತ್ತೆ ಅವನು ಏನು ಬರ್ಕೊಂಡಿದಾನೆ ಅಂತ ಓದೋಕೆ ನಮ್ಮೋರೊಬ್ರು ಬೇಡ್ವಾ?

ಪ್ರಶ್ನೆ: ಡಿಸರ್ಟೇಶನ್‌ಗೆ ಟಾಪಿಕ್ ಹೇಳಿ.

ಎಲ್ರೂ ಗಲ್ವಾನ್, ಬೆಲ್ಟ್ ಆ್ಯಂಡ್ ರೋಡ್, ದಕ್ಷಿಣ ಚೀನಾ ಸಮುದ್ರ ಅಂತ ಬರೀತಾರೆ. ತಪ್ಪಲ್ಲ, ಆದ್ರೆ ಇಪ್ಪತ್ತು ಪ್ರತಿ ಒಂದೇ ಥರ ಇರುತ್ತೆ. ನಮ್ಮ ಜಿಲ್ಲೇಲಿ ನಿಂತು ನೋಡಿ.

ಮುಂಗಾರಿಗೆ ಮುಂಚೆ ಹಾಸನದ ಎಪಿಎಂಸಿಗೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಲೋಡ್ ಬರುತ್ತೆ, ಅದೇ ಹೊತ್ತಿಗೆ ಸೊಸೈಟಿ ಮುಂದೆ ಡಿಎಪಿ ಅನ್ನೋ ರಂಜಕದ ಗೊಬ್ಬರಕ್ಕೆ ಕ್ಯೂ. ಡಿಎಪಿ ಬಂದಿಲ್ಲ, ಬೇರೆ ಕಾಂಪ್ಲೆಕ್ಸ್ ತಗೊಂಡೋಗಿ ಅಂತಾರೆ, ರೈತರು ಸರ್ಕಾರಕ್ಕೆ ಬೈಕೊಂಡು ಹೋಗ್ತಾರೆ. ಅದರ ಹಿಂದಿನ ಒಂದು ಎಳೆ ಬೀಜಿಂಗಿಗೆ ಹೋಗುತ್ತೆ. ರಂಜಕದ ಗೊಬ್ಬರದಲ್ಲಿ ಚೀನಾ ಪ್ರಪಂಚದ ಅತಿ ದೊಡ್ಡ ಉತ್ಪಾದಕ, 2021ರ ಅಕ್ಟೋಬರ್‌ನಲ್ಲಿ ಗೊಬ್ಬರ ಹೊರಗೆ ಕಳ್ಸೋಕೆ ಮುಂಚೆ ಕಸ್ಟಮ್ಸ್ ತಪಾಸಣೆ ಆಗ್ಬೇಕು ಅಂತ ನಿಯಮ ತಂತು. ರಫ್ತು ನಿಷೇಧ ಅಂತ ಎಲ್ಲೂ ಬರೆದಿಲ್ಲ, ತಪಾಸಣೆ ಅಷ್ಟೆ, ಆದ್ರೆ ಹಡಗು ಹೊರಡಲ್ಲ. ಇದು ಇಂಡಿಯಾ ಮೇಲಿನ ಒತ್ತಡವಾ, ಇಲ್ಲ ಅವರ ರೈತರಿಗೆ ಅಗ್ಗವಾಗಿ ಸಿಗ್ಲಿ ಅಂತಲಾ, ಇಲ್ಲ ಎಲೆಕ್ಟ್ರಿಕ್ ಗಾಡಿಗೆ ಹಾಕೋ ಎಲ್‌ಎಫ್‌ಪಿ ಬ್ಯಾಟರಿಗೆ ರಂಜಕ ಬೇಕಾಗಿದ್ಯಲ್ಲ ಅದಕ್ಕಾ? ಚೀನೀ ಮೂಲದ ಆದೇಶ, ಅಲ್ಲಿನ ಗೊಬ್ಬರ ಉದ್ಯಮದ ಸುದ್ದಿ, ನಮ್ಮ ಆಮದಿನ ಅಂಕಿ, ಹಾಸನದ ಸೊಸೈಟಿ ಸ್ಟಾಕ್ ಪುಸ್ತಕ, ಇವನ್ನ ಒಂದೇ ಕಡೆ ಇಟ್ಟು ನೋಡಿದ್ರೆ ಒಂದು ಒಳ್ಳೇ ಎಂಎ ಡಿಸರ್ಟೇಶನ್. 2025ರ ಏಪ್ರಿಲ್‌ನಲ್ಲಿ ಚೀನಾ ರೇರ್ ಅರ್ತ್ ಮ್ಯಾಗ್ನೆಟ್ (ಅಪರೂಪದ ಲೋಹದ ಆಯಸ್ಕಾಂತ) ರಫ್ತಿಗೆ ಲೈಸೆನ್ಸ್ ಹಾಕಿದಾಗ್ಲೂ ಬಾಗಿಲು ಮುಚ್ದೆ ಚಿಲಕ ಮಾತ್ರ ಬಿಗಿ ಮಾಡೋ ಇದೇ ಕ್ರಮ, ಹೋಲಿಸ್ಬೋದು.

ಚಿಕ್ಕಮಗಳೂರಿನೋರಿಗೆ ಕಾಫಿ. ಚೀನಾದ ಕಾಫಿ ಹೆಚ್ಚೂಕಮ್ಮಿ ಪೂರ್ತಿ ಯುನ್ನಾನ್ ಪ್ರಾಂತ್ಯದ್ದು, ಅಲ್ಲಿ ಬೆಳೆಯೋದು ಬಹುಪಾಲು ಕ್ಯಾಟಿಮೋರ್ ಜಾತಿ. ನಮ್ಮ ಬಾಳೆಹೊನ್ನೂರು ಸಂಶೋಧನಾ ಕೇಂದ್ರ ಕಾವೇರಿ ಅಂತ ಕೊಟ್ಟಿದ್ಯಲ್ಲ, ಅದೂ ಅದೇ ವಂಶ. ಟೀ ಕುಡಿಯೋ ದೇಶದಲ್ಲಿ ಲಕಿನ್ ಅನ್ನೋ ಅವರದ್ದೇ ಕಂಪನಿ 2023ರಲ್ಲಿ ಚೀನಾ ಮಾರಾಟದಲ್ಲಿ ಸ್ಟಾರ್‌ಬಕ್ಸನ್ನ ದಾಟಿತು. ಇಷ್ಟು ದೊಡ್ಡ ಗಿರಾಕಿ ಹುಟ್ಕೊಳ್ತಿರುವಾಗ ಅದರ ಪಕ್ಕದಲ್ಲೇ ಇರೋ ನಮ್ಮ ಕಾಫಿ ಯಾಕೆ ಈಗ್ಲೂ ಇಟಲಿ, ಜರ್ಮನಿ ಕಡೆನೇ ಮುಖ ಮಾಡಿದೆ? ತೋಟದ ಮನೆ ಮಕ್ಕಳು ಇದನ್ನ ಬರೆದ್ರೆ ದೆಹಲಿ ಗೈಡ್‌ಗೂ ಪಾಠ ಆಗುತ್ತೆ.

ಪ್ರಶ್ನೆ: ಕೆಲಸ ಸಿಗುತ್ತಾ? ಸತ್ಯ ಹೇಳಿ.

ಬರೀ ಎಂಎ ಐಆರ್ ಅಂದ್ರೆ ಕಷ್ಟ, ಆ ಡಿಗ್ರಿ ಇರೋರು ಬೇಕಾದಷ್ಟಿದಾರೆ. ಎಂಎ ಜೊತೆ ಓದೋಕೆ ಬರೆಯೋಕೆ ಬರೋ ಚೀನೀ ಇದ್ರೆ ಕಥೆ ಬೇರೆ. ನೀತಿ ಬಗ್ಗೆ ಸಂಶೋಧನೆ ಮಾಡೋ ಥಿಂಕ್ ಟ್ಯಾಂಕ್‌ಗಳು, ದೆಹಲೀಲಿ ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್, ಮನೋಹರ್ ಪರಿಕ್ಕರ್ ಐಡಿಎಸ್‌ಎ, ಒಆರ್‌ಎಫ್ ಥರದವು, ಹೆಸರಿದೆ ಸಂಬಳ ಸಾಧಾರಣ. ವಿದೇಶಾಂಗ ಇಲಾಖೇಲಿ ದುಭಾಷಿಗಳ ಕೇಡರ್ ಇದೆ. ಯುಪಿಎಸ್‌ಸಿ ಬರೆಯೋರಿಗೆ ಪೊಲಿಟಿಕಲ್ ಸೈನ್ಸ್ ಮತ್ತು ಐಆರ್ ಆಪ್ಷನಲ್ ಹತ್ರ ಆಗುತ್ತೆ, ಐಎಫ್‌ಎಸ್ (ವಿದೇಶಾಂಗ ಸೇವೆ) ಸಿಕ್ರೆ ಕಲಿಯೋಕೆ ಚೀನೀ ಭಾಷೆ ಕೊಡೋ ಸಾಧ್ಯತೆ ಇದೆ. ದುಡ್ಡು ಜಾಸ್ತಿ ಇರೋದು ಕಂಪನಿ ಕಡೆ, ಸಪ್ಲೈ ಚೈನ್, ರಿಸ್ಕ್ ಅನಾಲಿಸಿಸ್, ಎಲೆಕ್ಟ್ರಾನಿಕ್ಸ್ ಫ್ಯಾಕ್ಟರೀಲಿ ಇಂಟರ್‌ಪ್ರಿಟರ್. ಅದು ವಿದೇಶಾಂಗ ನೀತಿ ಅಲ್ಲ ಅಂತ ಮೂಗು ಮುರೀಬೇಡಿ, ಎರಡು ವರ್ಷ ಫ್ಯಾಕ್ಟರೀಲಿ ಚೀನೀ ಇಂಜಿನಿಯರ್ ಜೊತೆ ಕೆಲಸ ಮಾಡಿದೋನ ಭಾಷೆ ಮುಂದೆ ನಮ್ಮ ಪಿಎಚ್‌ಡಿಗಳು ತಡವರಿಸ್ತಾರೆ.

ಪ್ರಶ್ನೆ: ಪಿಎಚ್‌ಡಿ ಮಾಡೋದಾದ್ರೆ ನೆಟ್ (ಲೆಕ್ಚರರ್ ಅರ್ಹತಾ ಪರೀಕ್ಷೆ) ಯಾವ ಸಬ್ಜೆಕ್ಟಲ್ಲಿ?

ಇಂಟರ್‌ನ್ಯಾಷನಲ್ ಆ್ಯಂಡ್ ಏರಿಯಾ ಸ್ಟಡೀಸ್ ಅಂತಾನೇ ಇದೆ, ಚೈನೀಸ್ ಅಂತಾನೂ ಇದೆ, ಪೊಲಿಟಿಕಲ್ ಸೈನ್ಸೂ ಆಗುತ್ತೆ. ಊರಿಗೆ ವಾಪಸ್ ಬಂದು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ಬೇಕು ಅನ್ನೋ ಯೋಚನೆ ಇದ್ರೆ ಪೊಲಿಟಿಕಲ್ ಸೈನ್ಸಲ್ಲೇ ಬರೀರಿ, ಇಲ್ಲಿ ಪೋಸ್ಟ್ ಕರೆಯೋದು ಆ ಹೆಸರಲ್ಲಿ. ಎಂಫಿಲ್ ಈಗಿಲ್ಲ. 2024ರಿಂದ ಪಿಎಚ್‌ಡಿ ಅಡ್ಮಿಷನ್‌ಗೂ ನೆಟ್ ಸ್ಕೋರ್ ನೋಡ್ತಾರೆ. ನೆಟ್‌ನಲ್ಲಿ ಜೆಆರ್‌ಎಫ್ ಅನ್ನೋ ಫೆಲೋಶಿಪ್ ಆದ್ರೆ ತಿಂಗಳಿಗೆ 37,000, ಮನೇಲಿ ಮದುವೆ ಮಾತು ಸ್ವಲ್ಪ ದಿನ ಮುಂದಕ್ಕೆ ಹಾಕೋಕೆ ಅಷ್ಟು ಸಾಕು.

ಪ್ರಶ್ನೆ: ಚೀನೀ ಟೈಪ್ ಮಾಡೋಕೆ ಬೇರೆ ಕೀಬೋರ್ಡ್, ಬೇರೆ ಲ್ಯಾಪ್‌ಟಾಪ್ ತಗೋಬೇಕಾ?

ಬೇಡ. ಇರೋದ್ರಲ್ಲೇ ಸೆಟಿಂಗ್ಸಿಗೆ ಹೋಗಿ ಪಿನ್‌ಯಿನ್ ಇನ್‌ಪುಟ್ ಆನ್ ಮಾಡ್ಕೊಳ್ಳಿ, ಇಂಗ್ಲಿಷ್ ಅಕ್ಷರ ಒತ್ತಿದ್ರೆ ಚೀನೀ ಅಕ್ಷರದ ಸಾಲು ಬರುತ್ತೆ, ಬೇಕಾದ್ದು ಆರಿಸ್ಕೊಳ್ಳೋದು. ಫೋನಲ್ಲಿ ಕನ್ನಡ ಟೈಪ್ ಮಾಡೋ ಹಂಗೇ.